ತಂಬುಳಿ ಒಡೆಯದಿರಲು, ಪಾನಕ ಸಪ್ಪೆಯಾಗದಿರಲು

ಪ್ರಶ್ನೆ: ಏಪ್ರಿಲ್ ಬಂತೆಂದರೆ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಬಿಸಿ ಅನ್ನ, ಸಾರು ಕಂಡರೆ ಮಕ್ಕಳು ಮುಖ ತಿರುಗಿಸುತ್ತಾರೆ. ಸಿರಸಿ ಕಡೆಯವರಾದ ನಮ್ಮ ಅತ್ತೆ ಬೇಸಿಗೆಯಲ್ಲಿ ದಿನಕ್ಕೊಂದು ತಂಬುಳಿ, ಅಪ್ಪೆಹುಳಿ ಮಾಡುತ್ತಿದ್ದರು. ನಾನು ಮಾಡಿದರೆ ತಂಬುಳಿ ಒಡೆಯುತ್ತದೆ, ಕೆಲವೊಮ್ಮೆ ಕಹಿಯೂ ಆಗುತ್ತದೆ. ಪಾನಕವನ್ನು ಫ್ರಿಜ್ಜಿನಲ್ಲಿಟ್ಟು ಕೊಟ್ಟರೆ ಎಷ್ಟು ಬೆಲ್ಲ ಹಾಕಿದರೂ ಸಪ್ಪೆ ಅನ್ನುತ್ತಾರೆ. ಮಾವಂದಿರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವರಿಗೆ ಪಾನಕ ಕೊಡುವಂತೆಯೂ ಇಲ್ಲ. ಮಾವಿನಹಣ್ಣು ತಂದರೆ ಒಂದೋ ಹುಳಿಯಾಗಿಯೇ ಉಳಿಯುತ್ತದೆ, ಇಲ್ಲವೇ ಕೊಳೆಯುತ್ತದೆ. ದಿನವೂ ಮಾಡಬಹುದಾದ ಬೇಸಿಗೆಯ ಅಡುಗೆಯ ಬಗ್ಗೆ ತಿಳಿಸುತ್ತೀರಾ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ನಿಮ್ಮ ದೂರುಗಳು ಬೇರೆ ಬೇರೆಯಾಗಿ ಕಂಡರೂ ಅವುಗಳಲ್ಲಿ ಹೆಚ್ಚಿನವಕ್ಕೆ ಮೂಲ ಒಂದೇ, ಪದಾರ್ಥದ ಬಿಸಿ ಮತ್ತು ತಂಪಿನ ಅಳತೆ ತಪ್ಪಿರುವುದು. ಬೇಸಿಗೆ ಬಂದ ಕೂಡಲೇ ನಾವು ಕಂಡದ್ದನ್ನೆಲ್ಲ ಫ್ರಿಜ್ಜಿನಲ್ಲಿಟ್ಟು ಕೊರೆಯುವಷ್ಟು ತಣ್ಣಗೆ ಮಾಡಲು ಹೊರಡುತ್ತೇವೆ. ಆದರೆ ಪಾನಕ, ತಂಬುಳಿ, ಅಪ್ಪೆಹುಳಿ, ಕೋಸಂಬರಿಗಳ ಅಳತೆಗಳೆಲ್ಲ ಕೂಡಿಬಂದದ್ದು ಮಡಕೆಯ ನೀರಿನ ತಂಪಿನಲ್ಲಿ. ಆ ಹದದಲ್ಲಿ ಸಿಹಿ ಸಿಹಿಯಾಗಿ, ಹುಳಿ ಹುಳಿಯಾಗಿ, ಒಗ್ಗರಣೆಯ ಘಮ ಘಮವಾಗಿಯೇ ತಿಳಿಯುತ್ತದೆ. ಅದಕ್ಕಿಂತ ತೀರ ಕೆಳಗಿಳಿದರೆ ಇವೆಲ್ಲವೂ ಮಂಕಾಗುತ್ತವೆ.

ಪಾನಕದಿಂದಲೇ ಆರಂಭಿಸೋಣ, ಏಕೆಂದರೆ ಈ ಮಾತನ್ನು ಮನೆಯಲ್ಲೇ ಪರೀಕ್ಷಿಸಲು ಅದಕ್ಕಿಂತ ಸುಲಭವಾದದ್ದಿಲ್ಲ. ನಾಲಿಗೆಯ ರುಚಿಮೊಗ್ಗುಗಳ ಜೀವಕೋಶಗಳಲ್ಲಿ ಟಿಆರ್‌ಪಿಎಂ5 ಎಂಬ ಪ್ರೋಟೀನೊಂದಿದ್ದು, ಸಿಹಿಯ ಸಂದೇಶ ಮಿದುಳಿಗೆ ತಲುಪುವಲ್ಲಿ ಅದರ ಪಾತ್ರ ದೊಡ್ಡದು. ಬಾಯಿಗೆ ಹೋದ ಪದಾರ್ಥ 15 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿದ್ದಾಗ ಅದು ಮಂದವಾಗಿಯೂ, 35 ಡಿಗ್ರಿಯ ಹತ್ತಿರಕ್ಕೆ ಬಂದಂತೆ ಹೆಚ್ಚು ಚುರುಕಾಗಿಯೂ ಕೆಲಸ ಮಾಡುತ್ತದೆ. ಗಟ್ಟಿಯಾಗಿದ್ದಾಗ ಹಿತವೆನಿಸಿದ ಐಸ್‌ಕ್ರೀಂ ಕರಗಿದ ಮೇಲೆ ಬಾಯಿಕಟ್ಟುವಷ್ಟು ಸಿಹಿಯಾಗುವುದು ಇದೇ ಕಾರಣಕ್ಕೆ. ಫ್ರಿಜ್ಜಿನೊಳಗೆ 4–5 ಡಿಗ್ರಿಗೆ ಇಳಿದ ಪಾನಕದಲ್ಲಿ ಬೆಲ್ಲವೇನೋ ಇದ್ದ ಹಾಗೆಯೇ ಇರುತ್ತದೆ, ಅದನ್ನು ಗುರುತಿಸುವ ನಾಲಿಗೆ ಜಡವಾಗಿರುತ್ತದೆ. ಜೊತೆಗೆ ತಣ್ಣನೆಯ ದ್ರವದಿಂದ ಏಲಕ್ಕಿಯ ಸುವಾಸನೆಯೂ ಮೇಲೇಳದಿರುವುದರಿಂದ ಮೂಗಿಗೂ ಏನೂ ಸಿಗುವುದಿಲ್ಲ. ಹೀಗಾಗಿ ಸಪ್ಪೆಯೆಂದು ಇನ್ನಷ್ಟು ಬೆಲ್ಲ ಹಾಕುತ್ತೇವೆ, ಕುಡಿದ ಮೇಲೆ ಬಾಯಾರಿಕೆ ಇನ್ನೂ ಹೆಚ್ಚಾಗುತ್ತದೆ.

ಒಂದು ಲೀಟರ್ ನೀರಿಗೆ 100ರಿಂದ 120 ಗ್ರಾಂ ಕಪ್ಪು ಬೆಲ್ಲ, ಒಂದು ದೊಡ್ಡ ನಿಂಬೆಹಣ್ಣಿನ ರಸ, ಅರ್ಧ ಚಮಚ ಒಣಶುಂಠಿಯ ಪುಡಿ, ಕಾಲು ಚಮಚ ಕಾಳುಮೆಣಸಿನ ಪುಡಿ, ನಾಲ್ಕು ಏಲಕ್ಕಿ, ಎರಡು ಚಿಟಿಕೆ ಉಪ್ಪು ಸಾಕು. ಉಪ್ಪು ಮರೆಯಬೇಡಿ, ಅದು ಉಪ್ಪುಪ್ಪಾಗಿ ತಿಳಿಯದಷ್ಟು ಕಡಿಮೆಯಿದ್ದರೂ ಬೆಲ್ಲದೊಳಗಿನ ಸಣ್ಣ ಕಹಿಯನ್ನು ಅಡಗಿಸಿ ಸಿಹಿಯನ್ನು ಎತ್ತಿ ತೋರಿಸುತ್ತದೆ. ಕಲ್ಲಂಗಡಿಯ ಹೋಳಿಗೆ ಉಪ್ಪು ಉದುರಿಸಿಕೊಂಡು ತಿನ್ನುವ ರೂಢಿಯ ಹಿಂದಿರುವುದೂ ಇದೇ ಗುಣ. ಏಲಕ್ಕಿಯನ್ನು ಮೊದಲೇ ಪುಡಿಮಾಡಿಡದೆ ಕುಡಿಯುವ ಹೊತ್ತಿಗೆ ಕುಟ್ಟಿ ಹಾಕಿ. ಮಾಡಿದ ಪಾನಕವನ್ನು ಎರಡು ಪಾಲು ಮಾಡಿ, ಒಂದನ್ನು ಫ್ರಿಜ್ಜಿನಲ್ಲೂ ಇನ್ನೊಂದನ್ನು ಮಡಕೆಯ ನೀರಿನೊಳಗೆ ಇಳಿಬಿಟ್ಟ ಚೊಂಬಿನಲ್ಲೂ ಇಟ್ಟು, ಎರಡು ಗಂಟೆಯ ನಂತರ ಯಾವುದು ಎಂದು ಹೇಳದೆ ಮಕ್ಕಳಿಗೆ ಕುಡಿಯಲು ಕೊಟ್ಟರೆ, ಯಾವುದರಲ್ಲಿ ಬೆಲ್ಲ ಹೆಚ್ಚಿದೆ ಎಂಬ ಜಗಳ ಅವರಲ್ಲಿಯೇ ಹುಟ್ಟುತ್ತದೆ.

ಮಡಕೆಯ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಮಡಕೆಯ ಸಣ್ಣ ರಂಧ್ರಗಳಿಂದ ಹೊರಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನಿಂದ ಶಾಖವನ್ನು ಎಳೆದುಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಗಾಳಿ ಒಣಗಿದ್ದಷ್ಟೂ ಆವಿಯಾಗುವುದು ಹೆಚ್ಚು, ತಂಪೂ ಹೆಚ್ಚು. ಹಾಗಾಗಿಯೇ ಬಿಸಿಲು 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಮಡಕೆಯ ನೀರು ಚೆನ್ನಾಗಿ ತಣಿಯುತ್ತದೆ, ಅಷ್ಟು ಬಿಸಿಲಿಲ್ಲದ ಮಂಗಳೂರು, ಉಡುಪಿಗಳಲ್ಲಿ ಗಾಳಿಯ ತೇವದಿಂದಾಗಿ ಅಷ್ಟಾಗಿ ತಣಿಯುವುದಿಲ್ಲ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದ ಗಾಳಿ ಸಾಕಷ್ಟು ಒಣಗಿರುತ್ತದೆ. ಆದರೆ ಮಡಕೆಯನ್ನು ಅಡುಗೆಮನೆಯ ಮೂಲೆಯಲ್ಲೋ ಕಪಾಟಿನಲ್ಲೋ ಇಟ್ಟರೆ ಪ್ರಯೋಜನವಿಲ್ಲ, ಗಾಳಿಯಾಡುವ ಕಿಟಕಿಯ ಬಳಿ ನೆರಳಿನಲ್ಲಿ ಇಡಬೇಕು. ಹೊರಮೈಗೆ ಬಣ್ಣ ಬಳಿದ ಚೆಂದದ ಮಡಕೆಗಳಲ್ಲಿ ರಂಧ್ರಗಳು ಮುಚ್ಚಿಹೋಗಿರುತ್ತವೆ, ಅವನ್ನು ಕೊಳ್ಳಬೇಡಿ. ಸೋಪು ಹಾಕಿ ತೊಳೆಯುವುದೂ ಬೇಡ, ಮಣ್ಣು ಅದರ ವಾಸನೆಯನ್ನು ಹೀರಿಕೊಳ್ಳುತ್ತದೆ. ತೆಂಗಿನ ನಾರಿನಿಂದ ಉಜ್ಜಿ ಬಿಸಿಲಿಗೆ ಒಣಗಿಸಿದರೆ ಸಾಕು.

ಇನ್ನು ತಂಬುಳಿ. ಇದರಲ್ಲಿ ತಪ್ಪು ಆಗುವುದು ಹಿಂದಿನ ರಾತ್ರಿಯೇ, ಹೆಪ್ಪು ಹಾಕುವಾಗ. ಮೊಸರಿನ ಬ್ಯಾಕ್ಟೀರಿಯಾಗಳಿಗೆ 40ರಿಂದ 43 ಡಿಗ್ರಿ ಹೇಳಿಮಾಡಿಸಿದ ಶಾಖ. ಡಿಸೆಂಬರಿನಲ್ಲಿ ರಾತ್ರಿಯಿಡೀ ಹೆಪ್ಪುಗಟ್ಟುವ ಹಾಲು ಏಪ್ರಿಲ್‌ನಲ್ಲಿ ನಾಲ್ಕೈದು ಗಂಟೆಯಲ್ಲೇ ಮೊಸರಾಗಿ, ಬೆಳಗಾಗುವಷ್ಟರಲ್ಲಿ ಹುಳಿಯೇರಿರುತ್ತದೆ. ಹುಳಿ ಹೆಚ್ಚಾದ ಮೊಸರಿನ ಪ್ರೋಟೀನು ಆಗಲೇ ಬಿಗಿಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ; ಅದಕ್ಕೆ ಬಿಸಿ ತಗುಲಿದರೆ ಇನ್ನೂ ಮುದುಡಿಕೊಂಡು, ಹಿಡಿದಿಟ್ಟಿದ್ದ ನೀರನ್ನು ಬಿಟ್ಟುಬಿಡುತ್ತದೆ. ನೀವು ಒಡೆಯುವುದು ಎನ್ನುತ್ತಿರುವುದು ಇದನ್ನೇ. ಬೇಸಿಗೆಯಲ್ಲಿ ಹೆಪ್ಪಿನ ಪ್ರಮಾಣವನ್ನು ಅರ್ಧಕ್ಕಿಳಿಸಿ, ಮಲಗುವ ಮುನ್ನ ಹಾಕುವ ಬದಲು ಸಂಜೆಯೇ ಹಾಕಿ, ಮೊಸರು ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಕೆಡದಂತೆ ಇಡುವುದಕ್ಕೆ ಫ್ರಿಜ್ಜಿನಷ್ಟು ಒಳ್ಳೆಯದು ಬೇರೆ ಇಲ್ಲ; ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಬೇಕು, ಅಷ್ಟೆ.

ಎರಡನೆಯ ತಪ್ಪು ಮಿಕ್ಸಿಯದು. ಹುರಿದ ಸೊಪ್ಪು ಇನ್ನೂ ಬಿಸಿಯಾಗಿರುವಾಗಲೇ ತೆಂಗಿನತುರಿಯ ಜೊತೆ ಹಾಕಿ ಎರಡು ಮೂರು ನಿಮಿಷ ಒಂದೇ ಸಮನೆ ತಿರುಗಿಸಿದರೆ ಜಾರೇ ಬಿಸಿಯಾಗಿ, ಕಾಯಿಯ ಜಿಡ್ಡು ಬೇರ್ಪಟ್ಟು ಮೇಲೆ ತೇಲುತ್ತದೆ. ಆ ಬಿಸಿ ಅರೆಪನ್ನು ಮಜ್ಜಿಗೆಗೆ ಸುರಿದರೆ ಒಡೆಯದೆ ಇನ್ನೇನಾದೀತು? ಹುರಿದದ್ದನ್ನು ತಟ್ಟೆಯಲ್ಲಿ ಹರಡಿ ಆರಿಸಿ, ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ಅರೆಯಿರಿ. ಮೊಸರನ್ನು ಬೇರೆಯಾಗಿ ಕಡೆದು, ಅದಕ್ಕೆ ಅರೆಪನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ. ಒಗ್ಗರಣೆಯ ಚಟಪಟ ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು ಹಾಕಿ. ತಂಬುಳಿಯನ್ನು ಮತ್ತೆ ಒಲೆಯ ಮೇಲೆ ಇಡುವ ಯೋಚನೆಯನ್ನೇ ಮಾಡಬೇಡಿ.

ಕಹಿಯ ವಿಚಾರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದೊಡ್ಡಪತ್ರೆಯ ಎಂಟು ಹತ್ತು ಎಲೆಗಳನ್ನು ಒಂದು ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹಾಕಿದಾಗ ಮೊದಲು ಓಮಿನಂಥ ಕಟುವಾದ ವಾಸನೆ ಮೂಗಿಗೆ ಬಡಿಯುತ್ತದೆ, ಎಲೆಯ ಅಂಚುಗಳು ಸುರುಟಿಕೊಂಡು ನೀರು ಬಿಡುತ್ತವೆ, ಆ ನೀರು ಸಿಡಿಯುವ ಸದ್ದು ಕೇಳುತ್ತದೆ. ನಂತರ ಸದ್ದು ಕಡಿಮೆಯಾಗುತ್ತ, ಕಡು ಹಸಿರು ಮಾಸಲು ಹಸಿರಾಗಿ, ವಾಸನೆಯ ಕಟುತನ ಇಳಿದು ತುಪ್ಪದ ಘಮ ಮೇಲೆ ಬರುತ್ತದೆ. ಇಳಿಸಬೇಕಾದದ್ದು ಆಗಲೇ, ಎಲೆಯ ಅಂಚು ಕಂದಾದರೆ ಕಹಿ ಬಂದಿದೆಯೆಂದೇ ಅರ್ಥ. ಜೀರಿಗೆ, ಮೆಣಸುಗಳನ್ನು ಎಲೆಗಿಂತ ಮೊದಲು ಹಾಕಿ, ಎಲೆ ಬಾಡುವವರೆಗೂ ಬಿಟ್ಟಿರುವುದರಿಂದ ಹಲವರ ಮನೆಯಲ್ಲಿ ಜೀರಿಗೆಯೇ ಸುಟ್ಟಿರುತ್ತದೆ, ದೂರು ಮಾತ್ರ ಸೊಪ್ಪಿನ ಮೇಲೆ ಬರುತ್ತದೆ. ಅವನ್ನು ಹುರಿದು ತೆಗೆದಿಟ್ಟು ಆಮೇಲೆ ಎಲೆ ಹಾಕಿ. ಮೆಂತ್ಯದ ತಂಬುಳಿಯಾದರೆ ನಾಲ್ಕು ಜನರಿಗೆ ಅರ್ಧ ಚಮಚಕ್ಕಿಂತ ಹೆಚ್ಚು ಮೆಂತ್ಯ ಬೇಡ, ಅದು ಹೊಂಬಣ್ಣಕ್ಕೆ ತಿರುಗಿದ ಕ್ಷಣವೇ ಇಳಿಸಬೇಕು. ಒಂದೆಲಗವನ್ನಂತೂ ಹುರಿಯುವುದೇ ಬೇಡ ಎಂಬುದು ನನ್ನ ಅಭಿಪ್ರಾಯ; ಬೇರು, ದಂಟು ತೆಗೆದು ಎಲೆಯನ್ನು ಹಸಿಯಾಗಿ ಅರೆದರೆ ಅದರ ತಿಳಿಯಾದ ಪರಿಮಳ ಉಳಿಯುತ್ತದೆ. ಸಿರಸಿ ಕಡೆಯ ಮನೆಗಳಲ್ಲಿ ನೆಲ್ಲಿಕಾಯಿ, ದಾಳಿಂಬೆಯ ಸಿಪ್ಪೆ, ನೇರಳೆಯ ಕುಡಿ, ಕುಂಟಾಲದ ಚಿಗುರುಗಳೂ ತಂಬುಳಿಯಾಗುತ್ತವೆ. ಬೆಂಗಳೂರಿನಲ್ಲಿ ಇವೆಲ್ಲ ಸಿಗದಿದ್ದರೂ ಕುಂಡದಲ್ಲಿ ದೊಡ್ಡಪತ್ರೆಯ ಒಂದು ಕಡ್ಡಿ ಊರಿದರೆ ಬೇಸಿಗೆಗೆ ಬೇಕಾದಷ್ಟಾಯಿತು.

ಊಟ ಸೇರುವುದಿಲ್ಲ ಎಂಬುದನ್ನು ನೀವು ಕಾಯಿಲೆಯಂತೆ ಕಾಣಬೇಕಾಗಿಲ್ಲ. ತಿಂದದ್ದು ಜೀರ್ಣವಾಗುವಾಗ ದೇಹದೊಳಗೆ ಶಾಖ ಹುಟ್ಟುತ್ತದೆ. ಹೊರಗಿನ ಸೆಕೆಯನ್ನೇ ತಾಳಲಾರದ ದೇಹ ಒಳಗೂ ಅದನ್ನು ಹೆಚ್ಚಿಸಿಕೊಳ್ಳಲು ಒಲ್ಲೆನ್ನುತ್ತದೆ. ಮಕ್ಕಳನ್ನು ಬಲವಂತಪಡಿಸುವ ಬದಲು ಮಧ್ಯಾಹ್ನದ ಊಟವನ್ನು ಹಗುರ ಮಾಡಿ, ಬೆಳಗಿನ ಮತ್ತು ರಾತ್ರಿಯ ಊಟವನ್ನು ತುಸು ಹೆಚ್ಚಿಸಿ. ಹಸಿವೆಯನ್ನು ಕೆರಳಿಸುವ ಕೆಲಸವನ್ನು ಹುಳಿಗೆ ಬಿಡಿ, ಏಕೆಂದರೆ ಬಾಯಲ್ಲಿ ನೀರೂರಿಸುವಲ್ಲಿ ಹುಳಿಯನ್ನು ಮೀರಿಸುವ ರುಚಿ ಇನ್ನೊಂದಿಲ್ಲ.

ಅಪ್ಪೆಹುಳಿಯ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಅದಕ್ಕೆ ಬೇಳೆ ಬೇಡ, ಮಸಾಲೆ ಬೇಡ, ಕಾಯಿ ತುರಿಯುವ ಕೆಲಸವೂ ಇಲ್ಲ. ಒಂದು ಹುಳಿ ಮಾವಿನಕಾಯಿಯನ್ನು ಸಿಪ್ಪೆಸಹಿತ ಇಡಿಯಾಗಿ ಬೇಯಿಸಿ, ಆರಿದ ಮೇಲೆ ಕೈಯಿಂದ ಕಿವುಚಿ ತಿರುಳು ತೆಗೆದು, ನಾಲ್ಕೈದು ಲೋಟ ನೀರು, ಉಪ್ಪು, ನೆಲ್ಲಿಕಾಯಿ ಗಾತ್ರದ ಬೆಲ್ಲ, ಜಜ್ಜಿದ ಹಸಿಮೆಣಸು ಸೇರಿಸಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಅನ್ನಕ್ಕೆ ಕಲಸಿಕೊಳ್ಳಬಹುದು, ಲೋಟದಲ್ಲಿ ಹಾಕಿಕೊಂಡು ಕುಡಿಯಲೂಬಹುದು. ನಿಮ್ಮ ಅತ್ತೆಯವರ ಅಪ್ಪೆಹುಳಿಯ ಪರಿಮಳ ನಿಮ್ಮದಕ್ಕೆ ಬಾರದಿರಲು ಕಾರಣ ಮಾವು ಇರಬಹುದು. ಮಲೆನಾಡಿನ ಹೊಳೆದಂಡೆಗಳ ಅಪ್ಪೆಮಾವಿನ ಸೊನೆಯಲ್ಲೇ ಒಂದು ಪರಿಮಳವಿದೆ, ಅದರ ಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಬೆಂಗಳೂರಿನ ತಳ್ಳುಗಾಡಿಗಳಲ್ಲಿ ಉಪ್ಪು ಖಾರ ಹಚ್ಚಿ ಕೊಡುವ ಗಿಣಿಮೂತಿ ಮಾವಿಗೆ ಹುಳಿಯೂ ಕಡಿಮೆ, ಸುವಾಸನೆಯೂ ಕಡಿಮೆ. ಅದು ಚಿತ್ರಾನ್ನಕ್ಕೆ ಆದೀತು, ಅಪ್ಪೆಹುಳಿಗೆ ಸಲ್ಲದು. ನಾಟಿ ಮಾವಿನಕಾಯಿಯನ್ನು ಕೇಳಿ ತನ್ನಿ, ತೊಟ್ಟಿನ ಬಳಿ ಉಗುರಿನಿಂದ ಗೀರಿದಾಗ ಮೂಗಿಗೆ ಘಾಟು ಹತ್ತಿದರೆ ಅದು ಆಗುತ್ತದೆ.

ಮಾವಂದಿರಿಗೆ ಪಾನಕದ ಬದಲು ಮುರುಗಲು ಕೊಡಿ. ಉತ್ತರ ಕನ್ನಡದಲ್ಲಿ ಮುರುಗಲು, ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ ಎನ್ನುವ, ಅಂಗಡಿಗಳಲ್ಲಿ ಕೋಕಂ ಎಂದು ಮಾರುವ ಹಣ್ಣಿನ ಒಣಸಿಪ್ಪೆಯದು. ಪೇಟೆಯ ಶರಬತ್ತುಗಳಲ್ಲಿ ಸಕ್ಕರೆ ಧಾರಾಳವಾಗಿರುತ್ತದೆ, ಆದ್ದರಿಂದ ಸಿಪ್ಪೆಯನ್ನೇ ತಂದು, ಏಳೆಂಟು ಸಿಪ್ಪೆಗಳನ್ನು ಎರಡು ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ ಕಿವುಚಿ, ಹುರಿದ ಜೀರಿಗೆಯ ಪುಡಿ, ಚಿಟಿಕೆ ಉಪ್ಪು ಬೆರೆಸಿದರೆ ಸಕ್ಕರೆಯ ನೆನಪೇ ಆಗದಂಥ ಪಾನೀಯ ಸಿದ್ಧ. ಒಣಗಿಸುವಾಗಲೇ ಉಪ್ಪು ಹಾಕಿದ ಸಿಪ್ಪೆಯಾದರೆ ಬೇರೆ ಉಪ್ಪು ಬೇಡ. ರಕ್ತದೊತ್ತಡವೂ ಇದ್ದರೆ ಉಪ್ಪಿಲ್ಲದ ಸಿಪ್ಪೆಯನ್ನೇ ಆರಿಸಿ. ಇದರ ಕೆಂಪು ಬಣ್ಣ ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು, ಹುಳಿಯಲ್ಲಿ ಮಾತ್ರ ಅದು ಕೆಂಪಾಗಿರುತ್ತದೆ. ಒಂದು ಚಮಚ ರಸಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಕಣ್ಣೆದುರೇ ಬಣ್ಣ ತಿರುಗುತ್ತದೆ. ರಜೆಯಲ್ಲಿ ಬೇಸರವೆನ್ನುವ ಮಕ್ಕಳಿಗೆ ಇದೊಂದು ಆಟವೂ ಆಯಿತು.

ಮಕ್ಕಳ ತಟ್ಟೆಗೆ ಕೋಸಂಬರಿ ಹಾಕುತ್ತಿದ್ದರೆ ಉಪ್ಪು, ನಿಂಬೆರಸಗಳನ್ನು ಎಲೆಯ ಮುಂದೆ ಕೂತ ಮೇಲೆ ಬೆರೆಸಿ. ಮೊದಲೇ ಹಾಕಿದರೆ ಉಪ್ಪು ಸೌತೆಕಾಯಿಯ ನೀರನ್ನೆಲ್ಲ ಹೊರಗೆಳೆದು ಗರಿಗರಿತನ ಹೋಗುತ್ತದೆ. ಹೆಸರುಬೇಳೆ ಮುಕ್ಕಾಲು ಗಂಟೆ ನೆಂದರೆ ಸಾಕು. ಬೆಳಗಿನ ಹೊತ್ತಿಗೆ ರಾಗಿ ಅಂಬಲಿ ಒಳ್ಳೆಯದು: ರಾತ್ರಿಯೇ ಕಾಯಿಸಿ ಆರಿಸಿ, ಬೆಳಿಗ್ಗೆ ಮಜ್ಜಿಗೆ, ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು ಬೆರೆಸಿ ಕೊಡಿ.

ಕಲ್ಲಂಗಡಿ ತಂದ ದಿನ ಕೆಂಪು ತಿರುಳನ್ನು ತಿಂದು ಉಳಿದದ್ದನ್ನು ಎಸೆಯುತ್ತಿದ್ದರೆ ಒಂದು ತಿಂಡಿಯನ್ನೇ ಎಸೆದಂತೆ. ಕರಾವಳಿಯಲ್ಲಿ ಇದಕ್ಕೆ ಬಚ್ಚಂಗಾಯಿ ಎನ್ನುತ್ತಾರೆ. ಹೊರಗಿನ ಹಸಿರು ಸಿಪ್ಪೆಯನ್ನು ಹೆರೆದು, ನಡುವಿನ ಬಿಳಿಯ ಭಾಗವನ್ನು ಹೆಚ್ಚಿ, ನೆನೆಸಿದ ಬೆಳ್ತಿಗೆ ಅಕ್ಕಿಯೊಂದಿಗೆ ಹೆಚ್ಚುಕಡಿಮೆ ಸಮಸಮವಾಗಿ ಹಾಕಿ ಅರೆದರೆ ದೋಸೆಹಿಟ್ಟಾಗುತ್ತದೆ. ಆ ಬಿಳಿಯ ಭಾಗದಲ್ಲಿ ಬಹುಪಾಲು ನೀರೇ ಇರುವುದರಿಂದ ಅರೆಯುವಾಗ ಬೇರೆ ನೀರು ಹಾಕಬಾರದು; ಹಾಕಿದರೆ ಹಿಟ್ಟು ತೆಳ್ಳಗಾಗಿ ದೋಸೆ ಕಾವಲಿಯಿಂದ ಏಳುವುದಿಲ್ಲ. ಹುಳಿ ಬರಿಸುವ ಅಗತ್ಯವಿಲ್ಲ, ಅರೆದ ಕೂಡಲೇ ಹೊಯ್ಯಬಹುದು. ಇದನ್ನು ಮೊದಲ ಸಲ ತಿಂದವರಲ್ಲಿ ಒಬ್ಬರಾದರೂ ಅದರಲ್ಲಿ ಕಲ್ಲಂಗಡಿ ಇದೆಯೆಂದು ಊಹಿಸಿದ್ದನ್ನು ನಾನು ಕಂಡಿಲ್ಲ.

ಇನ್ನು ನಿಮ್ಮ ಮಾವಿನಹಣ್ಣಿನ ಕಷ್ಟ. ಹುಳಿಯಾಗಿಯೇ ಉಳಿಯುವುದಕ್ಕೆ ಎರಡು ಕಾರಣಗಳು. ಮೊದಲನೆಯದು, ಬಲಿಯದ ಕಾಯಿಯನ್ನು ಕಿತ್ತಿರುವುದು: ಮಾವು ಹಣ್ಣಾಗುವಾಗ ಸಿಹಿ ಬರುವುದು ಅದರೊಳಗೆ ಕೂಡಿಟ್ಟ ಪಿಷ್ಟ ಸಕ್ಕರೆಯಾಗುವುದರಿಂದ, ಪಿಷ್ಟವೇ ತುಂಬದ ಕಾಯಿಯನ್ನು ಹೇಗೆ ಹಣ್ಣು ಮಾಡಿದರೂ ಬಣ್ಣ ಬಂದೀತೇ ಹೊರತು ರುಚಿ ಬಾರದು. ಬಲಿತ ಕಾಯಿಯ ತೊಟ್ಟಿನ ಸುತ್ತ ಭುಜಗಳು ಉಬ್ಬಿರುತ್ತವೆ, ಬಕೆಟ್ಟಿನ ನೀರಿಗೆ ಹಾಕಿದರೆ ಅದು ಮುಳುಗುತ್ತದೆ. ಎಳೆಯ ಕಾಯಿ ತೇಲುತ್ತದೆ. ರಾಮನಗರ ಕಡೆಯ ಮಾವು ಬೆಂಗಳೂರಿಗೆ ಮೊದಲು ಬರುತ್ತದೆ, ಶ್ರೀನಿವಾಸಪುರದ್ದು ಆಮೇಲೆ. ಯುಗಾದಿಯ ಹೊತ್ತಿಗೇ ಬಾದಾಮಿ ತಿನ್ನಬೇಕೆಂಬ ಆತುರ ಬಿಟ್ಟು ಮೇ ತಿಂಗಳಿಗೆ ಕಾದರೆ ಹಣವೂ ಉಳಿಯುತ್ತದೆ, ನಾಲಿಗೆಗೂ ಮೋಸವಾಗುವುದಿಲ್ಲ.

ಎರಡನೆಯ ಕಾರಣ ನಿಮ್ಮ ಫ್ರಿಜ್ಜು. ಹಣ್ಣಾಗದ ಮಾವನ್ನು ಸುಮಾರು 12 ಡಿಗ್ರಿಗಿಂತ ಕೆಳಗೆ ಇಟ್ಟರೆ ಒಳಗಿನ ಜೀವಕೋಶಗಳಿಗೆ ಚಳಿಯ ಪೆಟ್ಟು ಬಿದ್ದು ಹಣ್ಣಾಗುವ ಕ್ರಿಯೆಯೇ ಕೆಡುತ್ತದೆ. ಹೊರಗೆ ತೆಗೆದ ಮೇಲೂ ಸಿಪ್ಪೆ ಕಪ್ಪಾಗುತ್ತದೆಯೇ ವಿನಾ ಹುಳಿ ಹೋಗುವುದಿಲ್ಲ. ಕಾಯಿಗಳನ್ನು ಒಣಹುಲ್ಲಿನಲ್ಲೋ ಪತ್ರಿಕೆಯ ಹಾಳೆಗಳ ನಡುವೆಯೋ ಒಂದೇ ಪದರವಾಗಿ, ಒಂದಕ್ಕೊಂದು ತಾಗದಂತೆ ಇಟ್ಟು, ದಿನವೂ ನೋಡಿ, ಕಪ್ಪು ಚುಕ್ಕೆ ಹರಡುತ್ತಿರುವುದನ್ನು ಬೇರೆ ಮಾಡಿ. ಕೊಳೆಯುವುದು ಹೆಚ್ಚಾಗಿ ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಾಗಲೇ. ತೊಟ್ಟಿನ ಬಳಿ ಸುವಾಸನೆ ಬಂದು, ಒತ್ತಿದರೆ ತುಸು ಮೆತ್ತಗೆನಿಸಿದ ಹಣ್ಣನ್ನು ಬೇಕಾದರೆ ಮೂರು ನಾಲ್ಕು ದಿನ ಫ್ರಿಜ್ಜಿನಲ್ಲಿಡಬಹುದು. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ನಿಷೇಧವಿದೆ. ಎಥಿಲೀನ್ ಅನಿಲವನ್ನು ನಿಗದಿತ ಪ್ರಮಾಣದಲ್ಲಿ ಬಳಸಲು ಅನುಮತಿಯಿದ್ದು, ಅದು ಹಣ್ಣು ತಾನೇ ಬಿಡುವ ಅನಿಲವೇ ಆದ್ದರಿಂದ ಅದಕ್ಕೆ ಹೆದರಬೇಕಾಗಿಲ್ಲ.

ತಿನ್ನುವ ಮೊದಲು ಹಣ್ಣನ್ನು ಅರ್ಧ ಗಂಟೆ ನೀರಿನಲ್ಲಿಟ್ಟು, ತೊಟ್ಟಿನ ಸುತ್ತ ಚೆನ್ನಾಗಿ ಉಜ್ಜಿ ತೊಳೆಯಿರಿ. ತಿಂದ ಮೇಲೆ ತುಟಿಯ ಅಂಚಿನಲ್ಲಿ ತುರಿಕೆ, ಗುಳ್ಳೆ ಏಳುವುದು ಸಿಪ್ಪೆಯ ಮೇಲೆ ಒಣಗಿದ ಸೊನೆಯಿಂದ. ಸಣ್ಣ ನಾಟಿ ಹಣ್ಣು ಸಿಕ್ಕರೆ ಒಮ್ಮೆ ಸಾಸಿವೆ ಮಾಡಿ ನೋಡಿ: ಕಾಯಿತುರಿ, ಒಂದು ಒಣಮೆಣಸು, ಅರ್ಧ ಚಮಚ ಹಸಿ ಸಾಸಿವೆ ಅರೆದು, ಕಿವುಚಿದ ಹಣ್ಣು, ಬೆಲ್ಲ, ಉಪ್ಪು ಸೇರಿಸಿದರಾಯಿತು. ಸಾಸಿವೆಯನ್ನು ತಣ್ಣೀರಿನಲ್ಲೇ ಅರೆದು ಹತ್ತು ನಿಮಿಷ ಬಿಡಬೇಕು, ಏಕೆಂದರೆ ಅದರ ಘಾಟು ಹುಟ್ಟುವುದು ಕಾಳು ಒಡೆದು ನೀರು ತಾಗಿದ ಮೇಲೆ ಕೆಲಸ ಮಾಡುವ ಕಿಣ್ವದಿಂದ; ಬಿಸಿನೀರು ಹಾಕಿದರೆ ಕಿಣ್ವ ಸತ್ತು ಕಹಿಯಷ್ಟೇ ಉಳಿಯುತ್ತದೆ. ಬಾದಾಮಿ, ರಸಪುರಿಗಳನ್ನು ಮಾತ್ರ ಇದಕ್ಕೆ ಹಾಳುಮಾಡದೆ ರಸಾಯನಕ್ಕೆ ಇಟ್ಟುಕೊಳ್ಳಿ. ರಸಾಯನಕ್ಕೆ ತೆಂಗಿನಹಾಲು ಬೆರೆಸುವುದಾದರೆ ಎರಡು ಗಂಟೆಯೊಳಗೆ ಮುಗಿಯುವಷ್ಟೇ ಮಾಡಿ, ಸೆಕೆಗೆ ಅದು ಬೇಗ ಹಳಸುತ್ತದೆ. ಉಳಿಯುವ ಸಾಧ್ಯತೆ ಇದ್ದರೆ ಹಣ್ಣು, ಬೆಲ್ಲಗಳನ್ನು ಮಾತ್ರ ಕಲಸಿಟ್ಟು, ತೆಂಗಿನಹಾಲನ್ನು ಬಡಿಸುವಾಗ ಹಾಕಿಕೊಳ್ಳಬಹುದು.